ದಾರದ ಆಚೆಯ ತುದಿ

ಕಾಯ್ಕಿಣಿ
೧೨ ಫೆಬ್ರವರಿ ೨೦೨೪

ಪ್ರೀತಿಯ ಸರೋಜಾ,

ಇಲ್ಲಿ ಎಲ್ಲರೂ ಸೌಖ್ಯ. ಹೊನ್ನಾವರದಲ್ಲಿ ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ನಿನ್ನ ಚಿತ್ರ ನೋಡಿ ಬಂದು ಹದಿನೈದು ದಿನವಾದರೂ ಒಂದು ಮಾತು ಹೇಳಲಿಲ್ಲ, ತಪ್ಪಾಯಿತು. ಫೋನಿನಲ್ಲಿ ಜಗಳ ತೆಗೆದರೆ ನೀನು ನಗಿಸಿಬಿಡುತ್ತೀ. ಈ ಸಲ ನನಗೆ ನಗುವ ಮನಸ್ಸಿಲ್ಲ, ಅದಕ್ಕೇ ಕಾಗದ.

ಶೇಂಗಾ ಗದ್ದೆಯ ಕೆಲಸ ಮುಗಿಸಿ ರೈಲಿನಲ್ಲಿ ಕುಮಟೆಗೆ ಹೋದೆ. ಕಾಲೇಜಿನ ಹಾಲಿನಲ್ಲಿ ಒಂದು ಗೋಡೆ ಪೂರ್ತಿ ನೀನು ಚಿತ್ರ ಬರೆದ ಬಟ್ಟೆ. ಎಡತುದಿಯಲ್ಲಿ ತೊಟ್ಟಿಲು, ಆಮೇಲೆ ದೋಣಿ, ಬಸ್ಸು, ರೈಲು, ಕಡೆಗೆ ಯಾಣದ ಕರಿಬಂಡೆ. ಹೊರಟವರೆಲ್ಲರ ಕೈಯಲ್ಲೂ ಒಂದೊಂದು ಕೆಂಪು ದಾರ, ಅದರ ಇನ್ನೊಂದು ತುದಿ ಮತ್ತೊಬ್ಬರ ಕೈಯಲ್ಲಿ. ಸುಪ್ರಿಯಾ ಎಂಬ ಹುಡುಗಿ ಬಂದವರಿಗೆಲ್ಲ ವಿವರಿಸುತ್ತಿದ್ದಳು: "ಇದು ಬಾಳಿನ ಪ್ರಯಾಣ. ದಾರ ಅಂದ್ರೆ ಮನುಷ್ಯ ಸಂಬಂಧ."

ಅಬ್ಬಾ, ಏನು ಪಾಂಡಿತ್ಯ! ನನಗೆ ಕಂಡದ್ದು ಮದುವೆಮನೆಯಲ್ಲಿ ನಾವು ಚಿತ್ತಾರ ಬರೆಯುತ್ತಿದ್ದ ಹಸೆಗೋಡೆ. ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಈ ತುದಿಯಲ್ಲಿ ನೀನು, ಆ ತುದಿಯಲ್ಲಿ ನಾನು ಬಿಗಿಹಿಡಿದು, ಚಿಮ್ಮಿ ಬಿಟ್ಟರೆ ಗೋಡೆಯ ಮೇಲೆ ಗೆರೆ ಮೂಡುತ್ತಿತ್ತು. ಒಬ್ಬಳಿಂದ ಆಗುವ ಕೆಲಸವೇ ಅಲ್ಲ. ಇಪ್ಪತ್ತು ವರ್ಷ ಎಷ್ಟು ಮದುವೆಗಳಿಗೆ ಹೋಗಿಲ್ಲ ನಾವು! ಈ ಬಟ್ಟೆಯ ಗೆರೆಗಳನ್ನೂ ಹಾಗೇ ದಾರದಲ್ಲಿ ಹೊಡೆದದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತು.

"ದಾರ ಹಿಡ್ದದ್ದು ಯಾರು ತಂಗಿ?" ಎಂದೆ.

"ನಾನೇ. ಮೂರು ತಿಂಗ್ಳು ಹಿಡ್ದೆ" ಎಂದಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು.

ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ಧಗಧಗ ಉರಿಯಿತು. ಆ ಚಿತ್ರದಲ್ಲಿ ತಪ್ಪು ಹುಡುಕುತ್ತ ಒಂದು ತಾಸು ನಿಂತೆ. ದೋಣಿಯ ಹತ್ತಿರ ಒಂದು ಗೆರೆ ಕೂದಲೆಳೆಯಷ್ಟು ಸೊಟ್ಟ ಸಿಕ್ಕಿತು. ಹಬ್ಬವಾಯಿತು ನನಗೆ! ಅವಳನ್ನು ಕರೆದು, "ಇದೆಂತ ಮಾರಾಯ್ತಿ, ಹಿಂಗೆ?" ಎಂದು ತೋರಿಸಿದೆ.

"ಅದಾ? ನಾ ಕೈ ಸಡ್ಲ ಬಿಟ್ಟೆ. ಗಣಪಿ ಅಂತ ಒಬ್ರಿದ್ರಂತೆ, ಅವ್ರು ಹಿಡ್ದಿದ್ರೆ ಹಿಂಗಾಗ್ತಿರ್ಲಿಲ್ಲ ಅಂದ್ರು ಸರೋಜಕ್ಕ."

ಇದ್ದರಂತೆ! ನಾನು ಸತ್ತೇ ಹೋದವಳ ಹಾಗೆ. ನಾನೇ ಗಣಪಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸ್ಟೇಷನ್ನಿಗೆ ನಡೆದೆ.

ಚಿತ್ರ ಚೆನ್ನಾಗಿದೆ, ಅದನ್ನು ಇಲ್ಲವೆನ್ನುವಷ್ಟು ಕೆಟ್ಟವಳಲ್ಲ ನಾನು. ದೇವರು ನಿನ್ನ ಕೈಗೆ ಇನ್ನಷ್ಟು ಕೊಡಲಿ. ಆ ಹುಡುಗಿಗೂ ಒಳ್ಳೆಯದಾಗಲಿ, ಸ್ವಲ್ಪ ತಡವಾಗಿ.

ನಿನ್ನ,
ಗಣಪಿ

ಮತ್ತೊಂದು ಮಾತು: ಈ ಚಿತ್ರಕ್ಕೆ ದಾರ ಹಿಡಿಯಲು ನೀನು ಮೊದಲು ಕರೆದದ್ದು ನನ್ನನ್ನೇ. "ಕೆಲ್ಸ ಉಂಟು ಮಾರಾಯ್ತಿ, ಆಗೂದಿಲ್ಲ" ಅಂದೆ ನಾನು. ಕೆಲಸ ಏನೂ ಇರಲಿಲ್ಲ. ಊಟಕ್ಕೆ ಕರೆದರೂ ಮೊದಲ ಸಲ ಬೇಡ ಅನ್ನುತ್ತೇವಲ್ಲ ನಾವು, ಹಾಗೆ ಅಂದದ್ದು. ಇನ್ನೊಂದು ಸಲ ಕರೆಯುತ್ತೀಯೆಂದು ನಾಲ್ಕು ಸೀರೆ ಚೀಲಕ್ಕೆ ತುಂಬಿಟ್ಟು ಎಂಟು ದಿನ ಕಾದೆ. "ಆತು" ಅಂದು ಫೋನಿಟ್ಟವಳು ನೀನು ಮತ್ತೆ ಮಾಡಲೇ ಇಲ್ಲ.