ಸಾಗೋ ಮರದ ಮೇಲ್ತುಂಡು

ಮಾರ್ಚ್ ೯, ಸೋಮವಾರ

ಹಿಂಡಿದ ನೀರು ತಿಳಿಯಾಗಿತ್ತು. ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ. ಇವತ್ತು ಕಡಿದ ಸಾಗೋ ಮರದ ಬುಡದ ತಿರುಳನ್ನು ನೀರಲ್ಲಿ ಹಿಂಡಿದರೆ ಹಿಟ್ಟು ತುಂಬಿದ ಹಾಲಿನಂಥ ನೀರು ಇಳಿಯಬೇಕಿತ್ತು. ತಳದಲ್ಲಿ ಒಂದು ಹಿಡಿ ಹಿಟ್ಟೂ ಕೂರಲಿಲ್ಲ. ಸೆಪಿಕ್ ನದಿ ಉಕ್ಕಿ ಮನೆ ಮೆಟ್ಟಿಲವರೆಗೆ ಬಂದಿದೆ. ನೆರೆ ಇಳಿಯುವ ತನಕ ಮಕ್ಕಳ ಹೊಟ್ಟೆಗೆ ಇದೊಂದೇ ಮರ, ಆರಿಸಿದವಳು ನಾನು. ಉರುಳಿದ ಮೇಲೆಯೇ ತುದಿಯಲ್ಲಿ ಹೂಗೊಂಚಲು ಕಂಡಿದ್ದು; ಹೂ ಬಿಟ್ಟ ಮರದ ಹಿಟ್ಟೆಲ್ಲ ಹೂವಿಗೇ ಹೋಗಿಬಿಡುತ್ತದೆ.

"ಅತ್ತಿಗೆ, ನಿನ್ನ ಮರ ಮದುವೆ ಹೆಣ್ಣಿನ ಹಾಗೆ ಹೂ ಮುಡಿದು ಇದ್ದದ್ದೆಲ್ಲ ತಲೆಗೇರಿಸ್ಕೊಂಡಿದೆ!" ಅಂತ ನಾದಿನಿ ಸ್ಕೋಲಾ ನಕ್ಕಳು.

"ತಲೇಲಾದ್ರೂ ಹಿಟ್ಟು ಉಳಿದಿರುತ್ತಾ?" ಅಂದೆ. ಅವಳ ನಗು ನಿಂತಿತು.

"ಕಣ್ಣು ಎಲ್ಲಿಟ್ಟಿದ್ಯೇ, ಕುರುಡಿ?" ಅಂತ ಅತ್ತೆ ಸಂಜೆವರೆಗೂ ಬೈದರು.

ಮರದ ಮೇಲ್ತುಂಡನ್ನು ಇನ್ನೂ ಹಿಂಡಿಲ್ಲ; ಅದರ ತಿರುಳು ಸ್ವಲ್ಪ ತಂದಿದ್ದೆ. ಹಿಟ್ಟಿದ್ದರೆ ಅಗಿದಾಗ ಬಾಯಿಗೆ ಅಂಟುತ್ತದೆ, ಇಲ್ಲದಿದ್ದರೆ ಬರೀ ನಾರು. ಅಗಿಯುವ ಧೈರ್ಯವಾಗದೆ ದೀಪದ ಪಕ್ಕ ಇಟ್ಟಿದ್ದೆ. ಈಗ ಅದಿಲ್ಲ. ಸೊಳ್ಳೆಪರದೆಯೊಳಗೆ ಅತ್ತೆ ಅಗಿಯುತ್ತಿರುವ ಸದ್ದು.

"ಹೇಗಿದೆ ಅತ್ತೆ?"

ಸದ್ದು ನಿಂತಿತು. ಬಾಯಲ್ಲಿದ್ದದ್ದನ್ನು ಉಗಿದರು.

"ಮಲಗು ಮಗಳೇ. ಬೆಳಿಗ್ಗೆ ನೋಡೋಣ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ನನ್ನನ್ನು ಮಗಳೇ ಅಂದಿದ್ದು ಇವತ್ತೇ. ಬೈದಿದ್ದರೆ ನಿದ್ದೆ ಬರುತ್ತಿತ್ತು. ದೀಪ ಆರಿಸಬೇಕು, ಆದರೆ ಕತ್ತಲಲ್ಲೂ ಆ ತಿಳಿ ನೀರೇ ಕಾಣುತ್ತದೆ.