ನಲವತ್ತೊಂದು ಫೈಲುಗಳ ಬೀಗ

ಫೋಟೋ ತಿದ್ದುವ ಸಾಫ್ಟ್‌ವೇರ್ ಕಂಪನಿಯ ಗ್ರಾಹಕ ಬೆಂಬಲ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ತಿಂಗಳ ಒಂದನೇ ತಾರೀಖಿನಿಂದ ನಿಮ್ಮ ಸಾಫ್ಟ್‌ವೇರ್ ನನ್ನ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಕೆಟ್ಟಿದೆಯೇ ಎಂದರೆ ಅದೂ ಇಲ್ಲ, ಹಿಂದಿನ ದಿನದವರೆಗೆ ನೆಟ್ಟಗೆ ಕೆಲಸ ಮಾಡುತ್ತಿತ್ತು. ‘ನಿಮ್ಮ ಸಿಸ್ಟಮ್ ಹಳೆಯದು, ಇದಕ್ಕೆ ಇನ್ನು ಮುಂದೆ ಬೆಂಬಲವಿಲ್ಲ, ನಿಮ್ಮ ಸಹನೆಗೆ ವಂದನೆಗಳು’ ಎಂದು ಪರದೆಯ ತುಂಬ ಬರೆದಿದ್ದೀರಿ. ನನಗೆ ಸಹನೆ ಇದೆಯೆಂದು ತಮಗೆ ಯಾರು ಹೇಳಿದರು? ಹೊಸದನ್ನು ಮಾರಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ನಾನು ಹನ್ನೊಂದು ವರ್ಷ ಬಳಸಿದ್ದಕ್ಕೆ ಎಲ್ಲೋ ಕುಳಿತು ಬೀಗ ಜಡಿಯುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ನಾನೇ ಕೊಟ್ಟೆನಂತೆ, ‘ಒಪ್ಪಿದ್ದೇನೆ’ ಎಂಬ ಚೌಕದಲ್ಲಿ ಗುರುತು ಹಾಕಿದ ದಿನ. ಆ ಷರತ್ತುಗಳನ್ನು ಪೂರ್ತಿ ಓದಿದವರು ನಿಮ್ಮ ಕಚೇರಿಯಲ್ಲಾದರೂ ಒಬ್ಬರಿದ್ದಾರೆಯೇ?

ನಾನು ಫೋಟೋಗ್ರಾಫರ್. ತೆಗೆಯುವುದು ನನ್ನ ಕೆಲಸ, ತಿದ್ದುವುದು ನನ್ನ ಅಕ್ಕನದು. ಅಂಗಡಿಗೆ ಇದ್ದದ್ದು ಒಂದೇ ಕಂಪ್ಯೂಟರು. ಬೆಳಗ್ಗೆ ನಾನು ಮದುವೆ, ಶಾಲೆ ಎಂದು ಹೊರಗೆ ತಿರುಗುವಾಗ ಅದು ಅವಳದು, ಮಧ್ಯಾಹ್ನದ ಮೇಲೆ ನನ್ನದು. ಒಂದು ಫೋಟೋದ ಮೇಲೆ ಗಾಜಿನ ಹಾಳೆಗಳನ್ನು ಹಾಸಿದ ಹಾಗೆ ಲೇಯರುಗಳನ್ನು ಹಾಕಿ ತಿದ್ದುತ್ತಾರೆ, ತಮಗೆ ಹೇಳಬೇಕಾಗಿಲ್ಲ. ಒಂದೊಂದು ಲೇಯರಿಗೂ ಹೆಸರಿಡಬಹುದು. ಉಳಿದವರು ‘ಕೂದಲು’, ‘ನೆರಳು’ ಎಂದು ಹೆಸರಿಡುತ್ತಾರೆ. ಅಕ್ಕ ಅಲ್ಲಿ ನನಗೆ ಚೀಟಿ ಬರೆಯುತ್ತಿದ್ದಳು.

‘ಪುಟ್ಟಾ, ದರ್ಜಿಯವರ ಗಲ್ಲದ ಮಚ್ಚೆ ಅಳಿಸಬೇಡ, ಅವರ ಹೆಂಡತಿ ಮೊದಲು ಹುಡುಕೋದೇ ಅದನ್ನ.’

‘ಮದುಮಗನಿಗೆ ಇಷ್ಟು ಕೂದಲು ಸಾಕು. ಇನ್ನೂ ಹಾಕಿದ್ರೆ ಹುಡುಗಿ ಬೇರೆ ಯಾರೋ ಅಂದ್ಕೋತಾಳೆ.’

‘ಬೆಳಕು ಎಡಗಡೆಯಿಂದ ಬಿದ್ದಿದೆ, ನೀನು ಮತ್ತೆ ಮರೆತಿದ್ದೀಯ. ಮಾತ್ರೆ ತಗೊಂಡ್ಯಾ?’

ಐವತ್ತೆಂಟು ವರ್ಷದವನನ್ನು ಪುಟ್ಟ ಎನ್ನಲು ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಹಕ್ಕಿತ್ತು. ಅವಳು ಹೋಗಿ ಎರಡು ವರ್ಷವಾಯಿತು.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅವಳಿದ್ದಾಗ ಈ ಚೀಟಿಗಳನ್ನು ನಾನು ನೋಡಿದವನೇ ಅಲ್ಲ. ತಿದ್ದಿ ಮುಗಿದ ಫೋಟೋವನ್ನು ನೇರ ಪ್ರಿಂಟಿಗೆ ಕಳಿಸುತ್ತಿದ್ದೆ. ಲೇಯರುಗಳನ್ನು ಬಿಚ್ಚಿ ನೋಡುವ ಪುರುಸೊತ್ತು ಯಾರಿಗಿತ್ತು? ಮನೆಯಲ್ಲಿ ಎದುರು ಸಿಕ್ಕರೂ ಉಂಡು ಟಿವಿಯ ಮುಂದೆ ಕೂರುತ್ತಿದ್ದೆ. ಅವಳು ತೀರಿಕೊಂಡ ಮೂರನೇ ತಿಂಗಳು ದರ್ಜಿಯವರು ಇನ್ನೊಂದು ಪ್ರತಿ ಕೇಳಿಕೊಂಡು ಬಂದರು. ಅವರ ಫೈಲು ತೆರೆದಾಗಲೇ ನನಗೆ ಗೊತ್ತಾದದ್ದು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಳಗಿನ ಕೋಣೆಗೆ ಹೋಗಿ ಅತ್ತೆ.

ಅಂದಿನಿಂದ ಭಾನುವಾರಕ್ಕೆ ಒಂದೇ ಫೈಲು ಎಂದು ನಿಯಮ ಮಾಡಿಕೊಂಡೆ. ಒಂದೇ ಸಲಕ್ಕೆ ಓದಿ ಮುಗಿಸಿದರೆ ಆಮೇಲೆ ಏನು ಮಾಡುವುದು? ಇನ್ನೂ ನಲವತ್ತೊಂದು ಉಳಿದಿದ್ದವು, ನೀವು ಬೀಗ ಹಾಕಿದಿರಿ.

ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಪಾಪ, ಒಳ್ಳೆಯ ಹುಡುಗಿ.

‘ಸರ್, ಹೊಸ ಕಂಪ್ಯೂಟರ್ ತಗೊಂಡು ಹೊಸ ವರ್ಷನ್ ಹಾಕ್ಕೊಳ್ಳಿ. ಹಳೇ ಫೈಲೆಲ್ಲಾ ಓಪನ್ ಆಗುತ್ತೆ.’

‘ಲೇಯರ್ ಹೆಸರು ಕಾಣುತ್ತೇನಮ್ಮಾ?’

‘ಇಷ್ಟು ಹಳೇ ಫೈಲಲ್ಲಿ ಲೇಯರೆಲ್ಲಾ ಸೇರಿ ಒಂದೇ ಆಗ್ಬಿಡುತ್ತೆ ಸರ್. ಆದ್ರೆ ಫೋಟೋ ಮೊದಲಿಗಿಂತ ಚೆನ್ನಾಗಿ ಕಾಣುತ್ತೆ.’

‘ಫೋಟೋ ಯಾರ್ಯಾರದ್ದೋ ತಾಯಿ. ನಂಗೆ ಬೇಕಾಗಿರೋದು ಅದಲ್ಲ.’

‘ಬೇರೆ ಏನಾದ್ರೂ ಸಹಾಯ ಬೇಕಾ ಸರ್?’ ಎಂದಳು. ಅವಳಿಗೆ ಹಾಗೆ ಕೇಳಲು ಕಲಿಸಿದವರು ತಾವೇ ಇರಬೇಕು. ಕಂಪ್ಯೂಟರ್ ರಿಪೇರಿಯವನು, ‘ಮೊದ್ಲೇ ಎಲ್ಲಾ ತೆಗೆದು ಒಂದು ಹಾಳೇಲಿ ಬರ್ಕೊಂಡಿದ್ರೆ ಆಗ್ತಿತ್ತಲ್ಲಾ ಸಾರ್’ ಎಂದ. ಬುದ್ಧಿವಂತ. ಉಳಿಸಿಕೊಳ್ಳಬೇಕೆಂದೇ ಓದದೆ ಇಟ್ಟಿದ್ದೆ ಎಂದು ಅವನಿಗೆ ಹೇಗೆ ಬಿಡಿಸಿ ಹೇಳಲಿ?

ಮಾನ್ಯರೇ, ಹೊಸ ಹೊಸ ಸೌಲಭ್ಯಗಳು ನನಗೆ ಬೇಡ. ಆಕಾಶದ ಬಣ್ಣವನ್ನು ಒಂದೇ ಗುಂಡಿಗೆ ಬದಲಿಸುವ ನಿಮ್ಮ ಚಮತ್ಕಾರವೂ ಬೇಡ. ಬೀಗ ಹಾಕಿದವರಿಗೆ ತೆಗೆಯಲು ಬಾರದೆಂದರೆ ನಾನು ನಂಬುವುದಿಲ್ಲ. ಈ ಒಂದು ಹಳೆಯ ಕಂಪ್ಯೂಟರಿಗೆ ನಲವತ್ತೊಂದು ವಾರಗಳ ಮಟ್ಟಿಗೆ ಅದನ್ನು ತೆಗೆಯಿರಿ. ಆ ಫೈಲುಗಳಲ್ಲಿ ಅಕ್ಕ ನನ್ನನ್ನು ಇನ್ನೂ ಏನೇನು ಕೇಳಿದ್ದಾಳೋ ನನಗೆ ಗೊತ್ತಿಲ್ಲ. ಒಂಬತ್ತು ವರ್ಷ ಕೇಳುತ್ತಲೇ ಇದ್ದಳು, ಒಮ್ಮೆಯೂ ನಾನು ಉತ್ತರ ಕೊಡಲಿಲ್ಲ. ಈಚೆಗೆ ಭಾನುವಾರ ಅಂಗಡಿಯ ಬಾಗಿಲು ಹಾಕಿಕೊಂಡು ಒಂದೊಂದಕ್ಕೂ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆ.

ಇಂತಿ,
ಫೋಟೋ ತೆಗೆಯಲು ಮಾತ್ರ ಗೊತ್ತಿದ್ದ ಒಬ್ಬ