ಆಷಾಢದ ಹೊಸಿಲು, ಇಂಗ್ಲಿಷ್ ಪೇಪರು

ಕಾಗದನಗರ, ಭದ್ರಾವತಿ
೧೨ ಜುಲೈ ೧೯೯೮, ಭಾನುವಾರ

ಬೀಗಿತ್ತಿ ಜಲಜಮ್ಮನವರಿಗೆ ಓಂಕಾರಪ್ಪನ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಪ್ರಕಾಶ ಪೇಪರ್ ಮಿಲ್ಲಿನ ಪಾಳಿಗೆ ಹೋಗಿ ಬರುತ್ತಿದ್ದಾನೆ. ಅಡುಗೆ ನಾವಿಬ್ಬರೇ. ಸಾರಿಗೆ ನಾನು ಉಪ್ಪು ಹಾಕಿರುತ್ತೇನೆ, ಅದು ಗೊತ್ತಾಗದೆ ಅವನೂ ಹಾಕುತ್ತಾನೆ. ನಿಮ್ಮ ಮಗಳು ತವರಿಗೆ ಹೋದಾಗಿನಿಂದ ಈ ಮನೆಯಲ್ಲಿ ನೀರು ಕುಡಿಯುವುದು ಜಾಸ್ತಿಯಾಗಿದೆ.

ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶಿವಮೊಗ್ಗದಲ್ಲಿ ಕವನಾಳ ಬಿ.ಎ. ಇಂಗ್ಲಿಷ್ ಪರೀಕ್ಷೆ. ಮದುವೆಯ ಗಡಿಬಿಡಿಯಲ್ಲಿ ಉಳಿದುಹೋದ ಒಂದೇ ಪೇಪರು. ಹಳೆಯ ಪಠ್ಯದವರಿಗೆ ಇದೇ ಕೊನೆಯ ಸಲ. ಮೊನ್ನೆ ಎಸ್‌ಟಿಡಿ ಬೂತಿನಿಂದ ಇದನ್ನೇ ಹೇಳಲು ಹೊರಟಿದ್ದೆ. ನೀವು ಬಿಡಲಿಲ್ಲ. "ಆಷಾಢ ಕಳೀದೇ ಮಗಳು ಪೇಟೆ ಬಸ್ ಹತ್ತಿದ್ಳು ಅಂದ್ರೆ ಊರೋರು ನನ್ನ ಮುಖಕ್ಕೇ ಕೇಳ್ತಾರೆ ಬೀಗ್ರೇ, ಒಂದು ತಿಂಗಳು ಅನ್ನ ಹಾಕಕ್ಕಾಗ್ಲಿಲ್ವೇನಮ್ಮ ಅಂತ! ಪರೀಕ್ಷೆ ಎಲ್ಲಿ ಓಡೋಗುತ್ತೆ?" ಎಂದು ಫೋನಿಟ್ಟಿರಿ. ನನಗೆ ಉತ್ತರ ಹೊಳೆದದ್ದು ಬೂತಿನಿಂದ ಈಚೆ ಬಂದ ಮೇಲೆ. ನನ್ನದು ಯಾವಾಗಲೂ ಹಾಗೇ.

ಪರೀಕ್ಷೆ ಓಡಿಹೋಗುತ್ತದೆ ತಾಯಿ. ಈ ಪರೀಕ್ಷೆ ಓಡಿಹೋಗುತ್ತದೆ. ಇದು ತಪ್ಪಿದರೆ ಅವಳು ಹೊಸ ಪಠ್ಯವನ್ನು ಮೊದಲಿನಿಂದ ಓದಬೇಕು. ಅಷ್ಟರಲ್ಲಿ ತೊಟ್ಟಿಲು ಬಂದಿರುತ್ತದೆ. ನಮ್ಮ ಮನೆಗಳಲ್ಲಿ 'ಆಮೇಲೆ ಓದ್ತಾಳೆ ಬಿಡಿ' ಎಂದ ಮೇಲೆ ಓದಿದವರನ್ನು ನಾನು ಕಂಡಿಲ್ಲ.

ಸಂಜೆ ಕವನಾಳೂ ನಾನೂ ಕೂತು ಏನು ಓದುತ್ತೇವೆ ಎಂದು ನೀವೊಮ್ಮೆ ಕೇಳಿದ್ದಿರಿ. ಕೇಳಲು ಒಂದೇ ಥರ ಇರುವ ಇಂಗ್ಲಿಷ್ ಪದಗಳು. ಅವಳಿಗೆ ಅದೇ ಕಂಟಕ. ಸ್ಟೇಷನರಿ ಎಂದರೆ ಅಲುಗಾಡದೆ ನಿಂತದ್ದು, ಸ್ಟೇಷನರಿ ಎಂದರೆ ಕಾಗದ-ಪೆನ್ನು. ಬರೆಯುವಾಗ ಒಂದಕ್ಷರ ವ್ಯತ್ಯಾಸ, ಅಷ್ಟೇ. ಯಾವುದಕ್ಕೆ ಯಾವುದು ಎಂದು ಅವಳು ತಲೆ ಚಚ್ಚಿಕೊಳ್ಳುತ್ತಿದ್ದಳು. ನನಗೆ ಕಾಲೇಜಿನ ಕೃಷ್ಣಪ್ಪ ಮೇಷ್ಟ್ರು ನೆನಪಾದರು. ಎರಡಕ್ಕೂ ಬೇರು ಒಂದೇ ಅನ್ನುತ್ತಿದ್ದರು, ನಿಲ್ಲುವುದು. ಹಿಂದಿನ ಕಾಲದಲ್ಲಿ ವ್ಯಾಪಾರಿಗಳೆಲ್ಲ ಊರೂರು ತಿರುಗುವವರಂತೆ. ಪುಸ್ತಕ ಮಾರುವವನೊಬ್ಬ ಒಂದೇ ಕಡೆ ಅಂಗಡಿ ಹಾಕಿ ನಿಂತನಂತೆ. ನಿಂತವನು ಮಾರಿದ ಮಾಲಿಗೆ ಆ ಹೆಸರು. ಲ್ಯಾಟಿನ್ನೋ ಗ್ರೀಕೋ ಮರೆತಿದ್ದೇನೆ, ಲ್ಯಾಟಿನ್ನೇ ಇರಬೇಕು. ಆವತ್ತಿನಿಂದ ಕವನಾ ಅದನ್ನು ತಪ್ಪು ಬರೆದಿಲ್ಲ.

ಎಲ್ಲಕ್ಕೂ ಬೇರು ಒಂದೇ ಇರುವುದಿಲ್ಲ. ಡೆಸರ್ಟ್ ಎಂದರೆ ಮರುಭೂಮಿ, ಬಿಟ್ಟುಹೋದ ಜಾಗ. ಡಿಸರ್ಟ್ ಎಂದರೆ ತಟ್ಟೆಗಳನ್ನೆಲ್ಲ ತೆಗೆದ ಮೇಲೆ ಕೊಡುವ ಸಿಹಿ, ಅದು ಫ್ರೆಂಚರ ಮಾತು. ನಿಮ್ಮ ಮಗಳು ನಕ್ಕುಬಿಟ್ಟಳು. "ಎಲೆ ತೆಗೆದ ಮೇಲೆ ಸಿಹಿ ಕೊಡೋದಾ? ನಮ್ಮಲ್ಲಿ ಎಲೆ ತುದಿಗೆ ಮೊದಲು ಬಡಿಸೋದೇ ಪಾಯಸ ಅಲ್ವಾ ಮಾವ! ಇವ್ರಿಗೆ ಊಟ ಮಾಡಕ್ಕೇ ಬರಲ್ಲ ಬಿಡಿ." ನನ್ನವಳು ಸುಭದ್ರ ತೀರಿಕೊಂಡ ಮೇಲೆ ನಮ್ಮ ಕ್ವಾರ್ಟರ್ಸಿನಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ.

ಎಲ್ಲಿಗೋ ಹೋದೆ. ಆಷಾಢಕ್ಕೆ ಬರುತ್ತೇನೆ.

ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂದು ಹಿರಿಯರು ಹೇಳಿದ್ದಾರೆ. ಒಪ್ಪಿದೆ. ನಮ್ಮ ಮನೆಯ ಅತ್ತೆ ಫೋಟೊದಲ್ಲಿದ್ದಾಳೆ. ದಿನಾ ಹೂ ಏರಿಸುವವನು ನಾನು. ಅವಳು ಯಾವ ಹೊಸಿಲು ದಾಟುತ್ತಾಳೆ, ನೀವೇ ಹೇಳಿ. ಆದರೂ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಕವನಾ ನಮ್ಮ ಮನೆಗೆ ಕಾಲಿಡುವುದೇ ಬೇಡ. ಶಿವಮೊಗ್ಗದಲ್ಲಿ ನನ್ನ ತಂಗಿ ಜಗದಾಂಬಾ ಇದ್ದಾಳೆ, ಪರೀಕ್ಷೆಯ ಕಾಲೇಜಿಗೆ ಅಲ್ಲಿಂದ ನಡೆದೇ ಹೋಗಬಹುದು. ಹಿಂದಿನ ದಿನ ಅಲ್ಲಿ ಮಲಗಲಿ, ಬರೆದು ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊಳಲೂರಿಗೇ ವಾಪಸ್ಸು ಬರಲಿ. ಗಂಡನ ಮುಖ ನೋಡಿಬಿಡುತ್ತಾಳೆ ಎಂಬ ಭಯವಿದ್ದರೆ ಅದಕ್ಕೂ ವ್ಯವಸ್ಥೆ ಮಾಡಿದ್ದೇನೆ. ಪ್ರಕಾಶನಿಗೆ ಸೋಮವಾರ ಮೊದಲ ಪಾಳಿ, ಮಿಲ್ಲಿನ ಗೇಟು ದಾಟಿ ಈಚೆ ಬರುವ ಹಾಗಿಲ್ಲ. "ಅಪ್ಪಾ, ಬಸ್‌ಸ್ಟ್ಯಾಂಡಲ್ಲಿ ಒಂದೈದು ನಿಮಿಷ..." ಎಂದ. "ಆಷಾಢ ಮಾರಾಯ, ಸುಮ್ನೆ ಕೆಲ್ಸಕ್ಕೆ ಹೋಗು" ಎಂದೆ.

ಊರವರು ಕೇಳಿದರೆ ನನ್ನ ಹೆಸರು ಹೇಳಿ. ಆ ಮುದುಕನಿಗೆ ಇಂಗ್ಲಿಷಿನ ಹುಚ್ಚು, ಕಾಟ ತಡೆಯಲಾರದೆ ಕಳಿಸಿದೆ ಎನ್ನಿ. ಪೂರ್ತಿ ಸುಳ್ಳೇನೂ ಆಗುವುದಿಲ್ಲ. ನಿಮ್ಮ ಯಜಮಾನರು ಸುಬ್ಬಪ್ಪನವರಿಗೂ ಇದನ್ನು ಓದಿ ಹೇಳಿ. ನೀವು ಹೂಂ ಅಂದರೆ ಅವರದೂ ಹೂಂ ಎಂದು ನನಗೆ ಗೊತ್ತು.

ಅವಳು ಪಾಸಾಗುತ್ತಾಳೋ ಇಲ್ಲವೋ, ಅದು ಅವಳ ಕೈಯಲ್ಲಿದೆ. ಆ ಬೆಂಚಿನ ಮೇಲೆ ಅವಳು ಕೂರುವುದು ನಮ್ಮಿಬ್ಬರ ಕೈಯಲ್ಲಿದೆ. ಹೂಂ ಎಂದು ನನ್ನ ಕೈ ನಾನು ಎತ್ತಿಯಾಗಿದೆ.

ಇತಿ, ನಿಮ್ಮ ಮಗಳ ಮಾವ, ಅವಳ ಮೇಷ್ಟ್ರೂ ಆದ
ಓಂಕಾರಪ್ಪ

ಮರೆತಿದ್ದೆ: ಭಾನುವಾರ ಬರೆದ ಕಾಗದ ಭಾನುವಾರವೇ ಹೇಗೆ ಬಂತು ಎಂದು ಕೇಳುತ್ತೀರಿ. ಇದನ್ನು ನಿಮ್ಮ ಕೈಗೆ ಕೊಟ್ಟ ಹೂವಿನ ಯಲ್ಲಮ್ಮನನ್ನು ವಿಚಾರಿಸಿ. ನಾನು ನಿಮ್ಮೂರ ಬಸ್ ನಿಲ್ಲುವ ಅರಳಿಕಟ್ಟೆಯ ಮೇಲೆ ಕೂತಿದ್ದೇನೆ, ಹಾಲ್ ಟಿಕೆಟ್ ಜೇಬಿನಲ್ಲಿದೆ. ಆಷಾಢದಲ್ಲಿ ಬೀಗರ ಹೊಸಿಲು ದಾಟಬಾರದೆಂದು ಒಳಗೆ ಬಂದಿಲ್ಲ, ಬರುವುದೂ ಇಲ್ಲ. ಕೊನೆಯ ಬಸ್ಸಿನವರೆಗೂ ಇಲ್ಲಿಂದ ಏಳುವವನಲ್ಲ. ಬಂದ ಬೀಗರಿಗೆ ಒಂದು ಲೋಟ ಕಾಫಿಯೂ ಇಲ್ಲವೇ ಎಂದು ನಿಮ್ಮ ಮನಸ್ಸು ತಡೆಯುವುದಿಲ್ಲ, ಬಲ್ಲೆ. ಕವನಾಳ ಕೈಯಲ್ಲೇ ಕಳಿಸಿ. ಇನ್ನೊಂದು ಕೈಯಲ್ಲಿ ಅವಳ ಬ್ಯಾಗು ಇರಲಿ.